ಪಾಲುದಾರಿಕೆಯ ತೆರಿಗೆ: ಅಂಗಡಿಯದೋ, ಪಾಲುದಾರರದೋ?

ಕೋಣನಕುಂಟೆ ಕ್ರಾಸ್‌ನಿಂದ ಕನಕಪುರ ರಸ್ತೆಯ ಉದ್ದಕ್ಕೂ ಹಾರ್ಡ್‌ವೇರ್, ಪ್ಲೈವುಡ್, ಟೈಲ್ಸ್, ಎಲೆಕ್ಟ್ರಿಕಲ್ ಅಂಗಡಿಗಳಿವೆ. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿ ದಾಟಿ ಇತ್ತ ಬಂದಿತು. ಇಂಥ ಕಡೆ ಅಂಗಡಿ ಹಾಕಲು ಒಬ್ಬರ ಬಂಡವಾಳ ಸಾಲದು. ಅಣ್ಣ ತಮ್ಮ, ಭಾವ ಮೈದುನ, ಹಳೆಯ ಸ್ನೇಹಿತರು ಕೈಜೋಡಿಸುತ್ತಾರೆ. ಛಾಪಾ ಕಾಗದದ ಮೇಲೆ ಒಂದು ಡೀಡ್ ಬರೆಸುತ್ತಾರೆ. ಬಹಳಷ್ಟು ಡೀಡ್‌ಗಳಲ್ಲಿ ಬಂಡವಾಳ ಎಷ್ಟು, ಲಾಭ ಎಷ್ಟೆಷ್ಟು ಎಂಬುದಿರುತ್ತದೆ. ತೆರಿಗೆ ಎಲ್ಲಿ ಬೀಳಬೇಕು ಎಂಬುದು ಇರುವುದಿಲ್ಲ. ಪಾಲುದಾರರಿಗೆ ಕಾನೂನು ಕೊಟ್ಟಿರುವ ಮುಖ್ಯ ಆಯ್ಕೆಯೇ ಅದು. ಅದನ್ನು ವ್ಯಾಪಾರಕ್ಕೆ ಮುಂಚೆ, ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು.

ತೆರಿಗೆ ಯಾರ ಮೇಲೆ?

ನಮ್ಮಲ್ಲಿ ಪಾಲುದಾರಿಕೆ ಸಂಸ್ಥೆ ತೆರಿಗೆಯ ಲೆಕ್ಕಕ್ಕೆ ಬೇರೆಯೇ ವ್ಯಕ್ತಿ. ಅದಕ್ಕೆ ತನ್ನದೇ ಪ್ಯಾನ್ ಇರಬೇಕು. ಒಂದು ರೂಪಾಯಿ ಲಾಭ ಬಂದರೂ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2. ಆದಾಯ ಒಂದು ಕೋಟಿ ದಾಟಿದರೆ ಸರ್‌ಚಾರ್ಜ್ ಬೇರೆ. ವ್ಯಕ್ತಿಗಳಿಗೆ ಇರುವ ವಿನಾಯಿತಿ ಮಿತಿ ಸಂಸ್ಥೆಗೆ ಇಲ್ಲ. ಹೀಗೆ ತೆರಿಗೆ ಕಟ್ಟಿ ಉಳಿದ ಲಾಭ ಪಾಲುದಾರರ ಕೈಗೆ ಬಂದಾಗ ಅದರ ಮೇಲೆ ಮತ್ತೆ ತೆರಿಗೆ ಇಲ್ಲ. 1992ರ ಹಣಕಾಸು ಕಾಯ್ದೆಗೆ ಮುಂಚೆ ಹೀಗಿರಲಿಲ್ಲ. ನೋಂದಾಯಿತ ಸಂಸ್ಥೆ ಸ್ವಲ್ಪ ತೆರಿಗೆ ಕಟ್ಟಿದ ಮೇಲೂ ಪಾಲುದಾರರು ತಮ್ಮ ಪಾಲಿಗೆ ಕಟ್ಟಬೇಕಿತ್ತು.

ಆದರೆ ಸಂಸ್ಥೆಯಿಂದ ಪಾಲುದಾರರಿಗೆ ಹಣ ಹೋಗುವುದು ಲಾಭದ ರೂಪದಲ್ಲಿ ಮಾತ್ರವಲ್ಲ. ದಿನವೂ ಅಂಗಡಿಯಲ್ಲಿ ದುಡಿಯುವ ಪಾಲುದಾರರಿಗೆ ಸಂಬಳ ಕೊಡಬಹುದು. ಅವರು ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇ. 12ರವರೆಗೆ ಬಡ್ಡಿ ಕೊಡಬಹುದು. ಇವೆರಡೂ ಸಂಸ್ಥೆಯ ಲೆಕ್ಕದಲ್ಲಿ ಖರ್ಚು, ಪಾಲುದಾರರ ಲೆಕ್ಕದಲ್ಲಿ ಆದಾಯ. ಅಂದರೆ ಅಷ್ಟು ಹಣದ ತೆರಿಗೆ ಅಂಗಡಿಯಿಂದ ಪಾಲುದಾರರ ಕಡೆಗೆ ಸರಿಯುತ್ತದೆ.

ಸಂಬಳಕ್ಕೆ ಮಿತಿ ಇದೆ. ಬಡ್ಡಿ ಕಳೆದು, ಸಂಬಳ ಕಳೆಯುವ ಮುಂಚಿನ ಲಾಭದಲ್ಲಿ ಮೊದಲ 6 ಲಕ್ಷಕ್ಕೆ ಶೇ. 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು, ಉಳಿದದ್ದಕ್ಕೆ ಶೇ. 60. ಇದು ಎಲ್ಲ ಪಾಲುದಾರರಿಗೂ ಸೇರಿ ಇರುವ ಮಿತಿ. 2024ರ ಬಜೆಟ್‌ಗೆ ಮುಂಚೆ ಮೊದಲ ಹಂತ 3 ಲಕ್ಷಕ್ಕೇ ನಿಲ್ಲುತ್ತಿತ್ತು.

ಒಂದು ಅಂಗಡಿಯ ಲೆಕ್ಕ

ಭಾವ ಮೈದುನ ಸೇರಿ ಒಂದು ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ ಎಂದಿಟ್ಟುಕೊಳ್ಳಿ. ಸಮ ಪಾಲು, ಇಬ್ಬರೂ ಗಲ್ಲಾದಲ್ಲಿ ಕೂರುವವರು, ಇಬ್ಬರಿಗೂ ಬೇರೆ ಆದಾಯವಿಲ್ಲ. ವರ್ಷದ ಲಾಭ 12 ಲಕ್ಷ.

ಡೀಡ್‌ನಲ್ಲಿ ಸಂಬಳದ ಮಾತೇ ಇಲ್ಲದಿದ್ದರೆ ಪೂರ್ತಿ 12 ಲಕ್ಷಕ್ಕೂ ಶೇ. 31.2ರಂತೆ ತೆರಿಗೆ 3,74,400 ರೂಪಾಯಿ.

ಡೀಡ್‌ನಲ್ಲಿ ಕಾನೂನಿನ ಮಿತಿಯವರೆಗೆ ಸಂಬಳ ಎಂದು ಬರೆದಿದ್ದರೆ, ಮೊದಲ 6 ಲಕ್ಷಕ್ಕೆ 5.4 ಲಕ್ಷ, ಉಳಿದ 6 ಲಕ್ಷಕ್ಕೆ 3.6 ಲಕ್ಷ, ಒಟ್ಟು 9 ಲಕ್ಷ ಸಂಬಳ. ಸಂಸ್ಥೆಗೆ ಉಳಿಯುವುದು 3 ಲಕ್ಷ, ಅದರ ತೆರಿಗೆ 93,600 ರೂಪಾಯಿ. ಭಾವನಿಗೂ ಮೈದುನನಿಗೂ ತಲಾ 4.5 ಲಕ್ಷ ಆದಾಯ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಬೇಟ್ ಇರುವುದರಿಂದ ಇಬ್ಬರೂ ಏನೂ ಕಟ್ಟಬೇಕಿಲ್ಲ. ಎರಡು ಮನೆಗಳಿಗೂ ಸೇರಿ ಉಳಿತಾಯ 2,80,800 ರೂಪಾಯಿ. ಅದೇ ಅಂಗಡಿ, ಅದೇ ದುಡಿಮೆ. ವ್ಯತ್ಯಾಸ ಡೀಡ್‌ನ ಒಂದು ಕಲಮಿನದು.

ಪಾಲುದಾರರಿಗೆ ಬೇರೆ ದೊಡ್ಡ ಆದಾಯವಿದ್ದು ಅವರೂ ಶೇ. 30ರ ಹಂತದಲ್ಲಿದ್ದರೆ ಈ ಲಾಭ ಕರಗುತ್ತದೆ. ಆದ್ದರಿಂದ ಸಂಬಳ ಎಷ್ಟಿರಬೇಕು ಎಂಬುದನ್ನು ಅಂಗಡಿಯ ಲೆಕ್ಕವನ್ನಷ್ಟೇ ನೋಡಿ ತೀರ್ಮಾನಿಸಬಾರದು. ಎಲ್ಲ ಪಾಲುದಾರರ ಆದಾಯವನ್ನೂ ಮುಂದಿಟ್ಟುಕೊಳ್ಳಬೇಕು.

ಕಲಮು ಹೇಗಿರಬೇಕು?

'ಪಾಲುದಾರರು ಒಪ್ಪಿದಷ್ಟು ಸಂಬಳ' ಎಂದು ಬರೆದರೆ ಸಾಲದು. ಮೊತ್ತ ಎಷ್ಟು, ಅಥವಾ ಅದನ್ನು ಲೆಕ್ಕ ಹಾಕುವ ಬಗೆ ಯಾವುದು ಎಂಬುದು ಡೀಡ್‌ನಲ್ಲೇ ಇರಬೇಕೆಂದು ಕೇಂದ್ರ ನೇರ ತೆರಿಗೆ ಮಂಡಳಿ 1996ರ ಸುತ್ತೋಲೆಯಲ್ಲೇ ಹೇಳಿದೆ. ಡೀಡ್ ತಿದ್ದಿದರೆ ಆ ದಿನದಿಂದ ಮುಂದಕ್ಕೆ ಮಾತ್ರ ಅನ್ವಯ. ಕಳೆದ ತಿಂಗಳುಗಳ ಸಂಬಳಕ್ಕೆ ಹಿಂದಿನ ತಾರೀಖು ಹಾಕಲು ಬರುವುದಿಲ್ಲ. ಬಂಡವಾಳ ಹಾಕಿ ಊರಲ್ಲಿರುವ, ಅಂಗಡಿಯ ಕೆಲಸ ಮಾಡದ ಪಾಲುದಾರರಿಗೆ ಕೊಟ್ಟ ಸಂಬಳ ಖರ್ಚಾಗಿ ಸಲ್ಲುವುದಿಲ್ಲ. ಅವರಿಗೆ ಬಡ್ಡಿ ಮಾತ್ರ.

2025ರ ಏಪ್ರಿಲ್ 1ರಿಂದ ಇನ್ನೊಂದು ಹೊಣೆ ಸೇರಿದೆ. ಒಬ್ಬ ಪಾಲುದಾರರಿಗೆ ವರ್ಷದಲ್ಲಿ ಕೊಡುವ ಸಂಬಳ, ಬಡ್ಡಿ ಮೊದಲಾದವು 20,000 ರೂಪಾಯಿ ದಾಟಿದರೆ ಶೇ. 10 ಟಿಡಿಎಸ್ ಹಿಡಿಯಬೇಕು. ನಮ್ಮ ಲೆಕ್ಕದ ಭಾವನ ಪಾಲಿನಲ್ಲಿ ಹೀಗೆ 45,000 ರೂಪಾಯಿ ಹಿಡಿತವಾಗುತ್ತದೆ. ತೆರಿಗೆ ಬೀಳದಿದ್ದರೂ ರಿಟರ್ನ್ ಸಲ್ಲಿಸಿದರೆ ಮಾತ್ರ ಆ ಹಣ ವಾಪಸ್. ಟಿಡಿಎಸ್ ಹಿಡಿಯದೆ ಬಿಟ್ಟರೆ ಬಡ್ಡಿ ಬೀಳುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ; ಹಳೆಯ ಡೀಡ್ ಇದ್ದವರು ಆಡಿಟರ್‌ಗೆ ತೋರಿಸುವುದು ಒಳ್ಳೆಯದು.

ರಾಜ್ಯಕ್ಕೆ ಸೇರುವ ಆಯ್ಕೆಯ ತೆರಿಗೆ

ಆದಾಯ ತೆರಿಗೆ ಕೇಂದ್ರದ್ದು. ರಾಜ್ಯಕ್ಕೂ ಪಾಲಿರುವ ಆಯ್ಕೆಯ ತೆರಿಗೆ ಎಂದರೆ ಜಿಎಸ್‌ಟಿಯ ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ. ಸರಕು ಮಾರುವವರ ವಹಿವಾಟು ಒಂದೂವರೆ ಕೋಟಿ ಒಳಗಿದ್ದರೆ ಶೇ. 1 ಕಟ್ಟಿ ಮುಗಿಸಬಹುದು. ವರ್ಷಕ್ಕೆ 90 ಲಕ್ಷ ವ್ಯಾಪಾರವಾದರೆ 90,000 ರೂಪಾಯಿ. ಅದರಲ್ಲಿ ಅರ್ಧ ಕರ್ನಾಟಕಕ್ಕೆ. ಮುಂದಿನ ಹಣಕಾಸು ವರ್ಷಕ್ಕೆ ಈ ದಾರಿ ಬೇಕಾದರೆ ಮಾರ್ಚ್ 31ರೊಳಗೆ ಅರ್ಜಿ ಹಾಕಬೇಕು.

ಈ ಹಣವನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಲಾಭದಿಂದಲೇ ಹೋಗಬೇಕು. ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಮನೆ ರಿಪೇರಿಗೆ ನಲ್ಲಿ, ಬೀಗ, ಪೇಂಟ್ ಕೊಳ್ಳುವವರೇ ಹೆಚ್ಚಾಗಿ ಬರುವ ಅಂಗಡಿಗೆ ಇದು ಹೊಂದುತ್ತದೆ. ಅಪಾರ್ಟ್‌ಮೆಂಟ್ ಕಟ್ಟುವ ಕಂಟ್ರಾಕ್ಟರುಗಳಿಗೆ ಮಾರುವ ಅಂಗಡಿಗೆ ಹೊಂದುವುದಿಲ್ಲ. ಈ ಬಿಲ್ಲಿನ ಮೇಲೆ ಅವರಿಗೆ ಕ್ರೆಡಿಟ್ ಬರದ ಕಾರಣ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳಿಂದ ಬೆಂಗಳೂರಿನ ಸಣ್ಣ ವ್ಯಾಪಾರಿಗಳು ಕಂಗಾಲಾದರು. ನೋಟಿಸು ಬಂದ ಮೇಲೆ ಯೋಚಿಸುವುದಕ್ಕಿಂತ ಮುಂಚೆಯೇ ಆಯ್ಕೆ ಮಾಡಿಕೊಂಡವರ ಸ್ಥಿತಿ ಎಷ್ಟೋ ಮೇಲು.

ಅಮೆರಿಕದಲ್ಲಿ ಇದೇ ಆಯ್ಕೆ

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಪಾಲುದಾರಿಕೆಯಲ್ಲಿ ಕ್ಲಿನಿಕ್ ಅಥವಾ ಸಾಫ್ಟ್‌ವೇರ್ ಸಂಸ್ಥೆ ನಡೆಸುವ ಕನ್ನಡಿಗರಿಗೆ ಸಮಸ್ಯೆ ಇದರ ತಿರುವುಮುರುವು. ಅಲ್ಲಿ ಲಾಭ ನೇರವಾಗಿ ಪಾಲುದಾರರ ಆದಾಯವೆಂದೇ ಲೆಕ್ಕ. ರಾಜ್ಯ ಮತ್ತು ಸ್ಥಳೀಯ ತೆರಿಗೆಗಳನ್ನು ಕೇಂದ್ರದ ಲೆಕ್ಕದಲ್ಲಿ ಕಳೆಯಲು 2017ರ ಕಾಯ್ದೆ 10,000 ಡಾಲರ್ ಮಿತಿ ಹಾಕಿತು. 2025ರಲ್ಲಿ ಮಿತಿಯನ್ನು 40,000ಕ್ಕೆ ಏರಿಸಿದರೂ ಹೆಚ್ಚು ಆದಾಯದವರಿಗೆ ಅದು ಕಡಿಮೆಯಾಗುತ್ತ ಹೋಗುತ್ತದೆ. ಈ ಮಿತಿಗೆ ಉತ್ತರವಾಗಿ ರಾಜ್ಯಗಳು ಒಂದು ದಾರಿ ಮಾಡಿದವು: ಸಂಸ್ಥೆ ಬಯಸಿದರೆ ರಾಜ್ಯದ ತೆರಿಗೆಯನ್ನು ತಾನೇ ಕಟ್ಟಬಹುದು, ಪಾಲುದಾರರು ಅದಕ್ಕೆ ಕ್ರೆಡಿಟ್ ಪಡೆಯಬಹುದು. ಸಂಸ್ಥೆ ಕಟ್ಟಿದ ತೆರಿಗೆಗೆ ಆ ಮಿತಿ ತಟ್ಟದು ಎಂದು 2020ರ ನವೆಂಬರ್‌ನಲ್ಲಿ ಅಲ್ಲಿನ ಕಂದಾಯ ಇಲಾಖೆ ಒಪ್ಪಿತು. ಕ್ಯಾಲಿಫೋರ್ನಿಯಾದಲ್ಲಿ ಈ ದರ ಶೇ. 9.3. ನಮ್ಮಲ್ಲಿ ತೆರಿಗೆಯನ್ನು ಸಂಸ್ಥೆಯಿಂದ ಪಾಲುದಾರರಿಗೆ ಸರಿಸಿದರೆ ಉಳಿತಾಯ. ಅಲ್ಲಿ ಪಾಲುದಾರರಿಂದ ಸಂಸ್ಥೆಗೆ ಸರಿಸಿದರೆ. ಎರಡೂ ಕಡೆ ಗಡುವಿನೊಳಗೆ ಆಯ್ಕೆ ಮಾಡಿದವರಿಗೇ ಅದು ದಕ್ಕುತ್ತದೆ.

ಮಾರ್ಚ್‌ಗೆ ಮುಂಚೆ ನೋಡಬೇಕಾದ್ದು

ಡೀಡ್‌ನಲ್ಲಿ ಸಂಬಳ, ಬಡ್ಡಿಯ ಕಲಮು ಸ್ಪಷ್ಟವಾಗಿದೆಯೇ? ಸಂಬಳದ ಮಿತಿ ಹಳೆಯ 3 ಲಕ್ಷದ ಹಂತದಲ್ಲೇ ನಿಂತಿದೆಯೇ? ಪಾಲುದಾರರಲ್ಲಿ ಕೆಲಸ ಮಾಡುವವರು ಯಾರು ಎಂದು ಹೆಸರಿಸಿದೆಯೇ? ಟಿಡಿಎಸ್ ಕಟ್ಟಲು ಟ್ಯಾನ್ ಸಂಖ್ಯೆ ಪಡೆದಿದ್ದೀರಾ? ಬರುವ ಗಿರಾಕಿಗಳನ್ನು ನೋಡಿ ರಾಜಿ ತೆರಿಗೆಯೋ ಸಾಮಾನ್ಯ ಜಿಎಸ್‌ಟಿಯೋ ಎಂದು ತೀರ್ಮಾನಿಸಿದ್ದೀರಾ? ಈ ಪ್ರಶ್ನೆಗಳನ್ನು ಪಾಲುದಾರರೆಲ್ಲ ಒಟ್ಟಿಗೆ ಕೂತು ಕೇಳಿಕೊಳ್ಳಬೇಕು. ಒಬ್ಬರಿಗೇ ಗೊತ್ತಿರುವ ಲೆಕ್ಕದಿಂದ ಎಷ್ಟೋ ಪಾಲುದಾರಿಕೆಗಳು ಒಡೆಯುತ್ತವೆ. ಎಲ್ಲರಿಗೂ ತಿಳಿದ ಲೆಕ್ಕ ತೆರಿಗೆಯನ್ನೂ ಉಳಿಸುತ್ತದೆ, ನಂಟನ್ನೂ ಉಳಿಸುತ್ತದೆ.