ಜಿಮ್ ದ್ರೋಹಿಯಾದ ಕಥೆ

ಪ್ರಶ್ನೆ: 'ಮಿಷನ್ ಇಂಪಾಸಿಬಲ್' ಮೊದಲು ಟಿವಿ ಧಾರಾವಾಹಿಯಂತೆ, ಹೌದಾ? (ಓದುಗರು, ಹಿರಿಯೂರು)

ಉತ್ತರ: ಹೌದು. ಅಮೆರಿಕದಲ್ಲಿ 1966ರಿಂದ 1973ರವರೆಗೆ ಬಂತು. ಅಲ್ಲಿ ಹೊಡೆದಾಟಕ್ಕಿಂತ ಗೂಢಚಾರರ ತಂಡದ ತಂತ್ರವೇ ಜಾಸ್ತಿ: ಮುಖವಾಡ, ಆದೇಶ ಹೇಳಿ ಹೊಗೆಯಾಡಿ ನಾಶವಾಗುವ ಟೇಪು. 1996ರ ಸಿನಿಮಾ ಟಾಮ್ ಕ್ರೂಸ್ ಒಬ್ಬರನ್ನೇ ಮೆರೆಸಿತು. ಬಹುಕಾಲ ತಂಡ ನಡೆಸಿದ ಜಿಮ್ ಫೆಲ್ಪ್ಸ್‌ನನ್ನು ದ್ರೋಹಿ ಮಾಡಿತು! ಧಾರಾವಾಹಿಯ ಜಿಮ್, ನಟ ಪೀಟರ್ ಗ್ರೇವ್ಸ್‌ಗೆ ಅದು ಹಿಡಿಸಲಿಲ್ಲ. ಲಾಲೋ ಶಿಫ್ರಿನ್ ಅವರ ಐದು ಎಣಿಕೆಯ ಸಂಗೀತ ಮಾತ್ರ ಹಾಗೇ ಉಳಿಯಿತು.

ನಿಮ್ಮ ಚಿತ್ರದುರ್ಗದವರಿಗೆ ಇಂಥ ಮುನಿಸು ಹೊಸದೇನಲ್ಲ. ಅಲ್ಲಿನ ತರಾಸು ಅವರ ಮೂರು ಕಾದಂಬರಿ ಬೆಸೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ತೆಗೆದಾಗ, ಜನ ಮುಗಿಬಿದ್ದರೂ ಲೇಖಕರಿಗೆ ಸಮಾಧಾನವಾಗಲಿಲ್ಲ.

ಪತ್ತೇದಾರಿಕೆಯಲ್ಲಿ ಮಾತ್ರ ನಮಗೆ ಆ ತಕರಾರಿಲ್ಲ. ರಾಜ್‌ಕುಮಾರ್ 1968ರ 'ಜೇಡರ ಬಲೆ'ಯಲ್ಲಿ ಸಿಐಡಿ 999 ಆಗಿ ನೇರ ಬೆಳ್ಳಿತೆರೆಗೇ ಬಂದರು. ಆಗ ನಮ್ಮಲ್ಲಿ ಟಿವಿ ಎಲ್ಲಿತ್ತು?