ಸಾಮಂತನ ನಿಷ್ಠೆಗೆ ಅಳತೆಗೋಲುಂಟೆ?

ಗದಗಿನ ನಮ್ಮ ಕಾಲೇಜಿನಲ್ಲಿ ಒಂದು ಸಂಜೆ ಪ್ರಯೋಗಶಾಲೆಯ ಬಾಗಿಲು ಹಾಕುವ ಹೊತ್ತಿಗೆ ಮುಂಡರಗಿಯ ಕಡೆಯ ವಿದ್ಯಾರ್ಥಿಯೊಬ್ಬನು ಬಂದು, “ಸರ್, ಒಂದು ಪ್ರಶ್ನೆ ಐತ್ರಿ, ಪಾಠದ್ದಲ್ಲ” ಎಂದು ತಡವರಿಸಿದನು. ಅವನ ರಾಜ್ಯದಲ್ಲಿ ದಂಗೆಯೆದ್ದಿತ್ತಂತೆ! “ಐದೂ ಮಂದಿ ಸಾಮಂತರಿಗೆ ಸಮನಾಗಿ ಹೊನ್ನು ಹಂಚೀನ್ರಿ. ಬೊಕ್ಕಸ ಖಾಲಿ ಆತು. ಆದ್ರೂ ನಾಲ್ಕು ಮಂದಿ ಒಮ್ಮೆಲೆ ತಿರುಗಿ ಬಿದ್ರು. ನಂದು ಎಲ್ಲಿ ತಪ್ಪೇತ್ರಿ?” ರಾಜ್ಯವು ಗಣಕಯಂತ್ರದ ತೆರೆಯ ಮೇಲಿನದು, ಪ್ರಶ್ನೆಯಾದರೋ ನಿಜವಾದುದು. ಅದಕ್ಕೆ ಆಗ ಕೊಟ್ಟ ಉತ್ತರವನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇನೆ.

ಇತಿಹಾಸದ ರಾಜ್ಯಗಳನ್ನು ಆಳುವ ಆಟಗಳು ಹೊಸವಲ್ಲ. ಜಪಾನಿನ ಕೋಯಿ ಸಂಸ್ಥೆಯು 1985ರಲ್ಲಿ ಹೊರತಂದ ಚೀನದ ಮೂರು ರಾಜ್ಯಗಳ ಆಟದಲ್ಲಿಯೇ ಪ್ರತಿಯೊಬ್ಬ ಸೇನಾನಿಯ ನಿಷ್ಠೆಗೂ ಒಂದು ಅಂಕವಿತ್ತು. ಸ್ವೀಡನ್ನಿನ ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಸಂಸ್ಥೆಯ ‘ಕ್ರುಸೇಡರ್ ಕಿಂಗ್ಸ್’ ಇಂದಿನ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತ. ಅದರ ಎರಡನೆಯ ಆವೃತ್ತಿ 2012ರಲ್ಲಿ ಬಂದಿತು, 2014ರಲ್ಲಿ ಅದಕ್ಕೆ ಭಾರತದ ರಾಜರನ್ನು ಸೇರಿಸಿದರು, ಮೂರನೆಯದು 2020ರದು. ಈ ಆಟವನ್ನು 1066ನೆಯ ಇಸವಿಯಿಂದ ಆರಂಭಿಸಬಹುದು. ನಮ್ಮ ನಾಡಿನಲ್ಲಿ ಅದು ಕಲ್ಯಾಣದ ಚಾಲುಕ್ಯರ ಕಾಲ; ಒಂದನೆಯ ಸೋಮೇಶ್ವರನು ತುಂಗಭದ್ರೆಯಲ್ಲಿ ದೇಹವನ್ನು ಬಿಡುವುದಕ್ಕೆ ಇನ್ನೆರಡು ವರ್ಷಗಳಿದ್ದ ಕಾಲ.

ಈ ಆಟದಲ್ಲಿ ಪ್ರತಿಯೊಬ್ಬ ಸಾಮಂತನಿಗೂ ತನ್ನ ಒಡೆಯನ ವಿಷಯದಲ್ಲಿ ಒಂದು ಅಭಿಪ್ರಾಯವುಂಟು. ಅದನ್ನು ಋಣ ನೂರರಿಂದ ಧನ ನೂರರವರೆಗಿನ ಅಳತೆಗೋಲಿನ ಮೇಲೆ ಗುರುತಿಸಿರುತ್ತಾರೆ. ಕಾಣಿಕೆ ಕೊಟ್ಟರೆ ಅಂಕವೇರುವುದು. ಮಗಳನ್ನು ಕೊಟ್ಟು ಬೀಗತನ ಬೆಳೆಸಿದರೂ ಏರುವುದು. ಕಾರಣವಿಲ್ಲದೆ ಒಬ್ಬನನ್ನು ಸೆರೆಯಲ್ಲಿಟ್ಟರೆ ಅವನದಷ್ಟೇ ಅಲ್ಲ, ಉಳಿದವರ ಅಂಕವೂ ಇಳಿಯುವುದು. ಕಾಣಿಕೆಯ ಫಲ ಬಹುಕಾಲ ನಿಲ್ಲದು. ಅದು ತೂತುಬಿದ್ದ ಕೊಡದ ನೀರಿನಂತೆ ತಿಂಗಳು ತಿಂಗಳಿಗೂ ಸೋರುತ್ತದೆ. ಭಯಕ್ಕೂ ಪ್ರತ್ಯೇಕವಾದ ಅಳತೆಯಿದೆ, ಅದೂ ಹೀಗೆಯೇ ಸೋರತಕ್ಕದ್ದು. ಅತೃಪ್ತರಾದ ಸಾಮಂತರು ಕೂಡಿ ಒಂದು ಕೂಟವನ್ನು ಕಟ್ಟುತ್ತಾರೆ. ಅವರೆಲ್ಲರ ಸೈನ್ಯವನ್ನು ಕೂಡಿಸಿ ಅರಸನ ಸೈನ್ಯದೊಡನೆ ಹೋಲಿಸಿದಾಗ ಅದೊಂದು ಪ್ರಮಾಣವನ್ನು ಮೀರಿದರೆ, ಕೂಟದ ಅಸಮಾಧಾನ ಬೆಳೆಯುತ್ತ ಹೋಗಿ ಕಡೆಗೆ ಓಲೆ ಬರುತ್ತದೆ: ಕೇಳಿದ್ದನ್ನು ಕೊಡು, ಇಲ್ಲವೇ ಕಾದು.

ಹಾಗಾದರೆ ಎಲ್ಲರಿಗೂ ಸಮನಾಗಿ ಹಂಚಿದ ಹೊನ್ನು ಏಕೆ ವ್ಯರ್ಥವಾಯಿತು? ಒಂದು ಲೆಕ್ಕವನ್ನು ಮಾಡೋಣ. ಆಟದ ಒಳಗಣ ಗಣಿತ ಇದಕ್ಕಿಂತ ತೊಡಕಾದುದು. ತತ್ತ್ವ ತಿಳಿಯಲು ಇಷ್ಟು ಸಾಕು. ಅರಸನಿಗೆ 1000 ಕಾಲಾಳುಗಳು. ಐವರು ಸಾಮಂತರಿಗೆ ತಲಾ 250. ಅಂದರೆ ಒಬ್ಬೊಬ್ಬ ಸಾಮಂತನು ಅರಸನ ಬಲದ ನೂರಕ್ಕೆ 25. ಪ್ರತಿಯೊಬ್ಬನಿಗೂ ಒಂದು ‘ಹೊಸ್ತಿಲು’ ಇದೆಯೆಂದು ಭಾವಿಸಿರಿ. ಕೂಟದ ಬಲ ಅಷ್ಟನ್ನು ಮುಟ್ಟಿದರೆ ಮಾತ್ರ ಅವನು ಹೊಸ್ತಿಲು ದಾಟಿ ಕೂಟವನ್ನು ಸೇರುವನು. ಮೊದಲನೆಯವನು ಕಡುದ್ವೇಷಿ, ಒಂಟಿಯಾಗಿಯೂ ಏಳತಕ್ಕವನು; ಅವನಿಗೆ ಹೊಸ್ತಿಲೆಂಬುದೇ ಇಲ್ಲ. ಎರಡನೆಯವನ ಹೊಸ್ತಿಲು 20, ಮೂರನೆಯವನದು 45, ನಾಲ್ಕನೆಯವನದು 70. ಐದನೆಯವನು ಅರಸನ ಭಾವಮೈದುನ, ಏನಾದರೂ ಏಳನು.

ಬೊಕ್ಕಸದಲ್ಲಿರುವ ಹೊನ್ನಿನಿಂದ ಒಟ್ಟು 25 ಅಂಕಗಳಷ್ಟು ಹೊಸ್ತಿಲನ್ನು ಎತ್ತರಿಸಬಹುದೆನ್ನಿ. ನಮ್ಮ ವಿದ್ಯಾರ್ಥಿ ತಲಾ 5ರಂತೆ ಹಂಚಿದನು. ಹೊಸ್ತಿಲುಗಳು 25, 50, 75 ಆದವು. ಮೊದಲನೆಯವನು ಎದ್ದ: ಕೂಟದ ಬಲ 25. ಎರಡನೆಯವನ ಹೊಸ್ತಿಲೂ 25, ದಾಟಿದ. ಬಲ 50 ಆಗುತ್ತಲೇ ಮೂರನೆಯವನು, 75 ಆಗುತ್ತಲೇ ನಾಲ್ಕನೆಯವನು. ಕೂಟವು ಅರಸನಿಗೆ ಸರಿಸಮವಾಯಿತು! ಅದೇ 25ನ್ನು ಎರಡನೆಯವನೊಬ್ಬನಿಗೇ ಕೊಟ್ಟಿದ್ದರೆ? ಅವನ ಹೊಸ್ತಿಲು 45 ಆಗುತ್ತಿತ್ತು. ಮೊದಲನೆಯವನು ಒಂಟಿಯಾಗಿ 25ರಲ್ಲಿ ನಿಂತುಬಿಡುತ್ತಿದ್ದನು. ಕಡುದ್ವೇಷಿಯನ್ನು ಒಲಿಸುವುದು ದುಬಾರಿ. ನಿಷ್ಠನಿಗೆ ಕೊಟ್ಟುದು ದಂಡ. ಮೂರನೆಯವನೂ ನಾಲ್ಕನೆಯವನೂ ಇನ್ನೊಬ್ಬರ ದಾರಿ ಕಾಯುವವರು. ಕೀಲಿರುವುದು ಎರಡನೆಯವನಲ್ಲಿ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು 1978ರಲ್ಲಿ ಪ್ರಕಟಿಸಿದ ವಿಚಾರವಿದು. ಅವರ ಉದಾಹರಣೆ ಇನ್ನೂ ವಿಸ್ಮಯಕರ. ಚೌಕದಲ್ಲಿ ನೂರು ಮಂದಿ. ಅವರ ಹೊಸ್ತಿಲುಗಳು 0, 1, 2 ಎಂದು 99ರವರೆಗೆ. ಮೊದಲನೆಯವನು ಕಲ್ಲೆಸೆದರೆ ಎರಡನೆಯವನು, ಅವನಿಂದ ಮೂರನೆಯವನು, ಹೀಗೆ ನೂರೂ ಮಂದಿ ದೊಂಬಿಗಿಳಿಯುತ್ತಾರೆ. ಈಗ ಹೊಸ್ತಿಲು 1 ಇರುವವನನ್ನು ತೆಗೆದು, 2 ಇರುವ ಇನ್ನೊಬ್ಬನನ್ನು ನಿಲ್ಲಿಸಿರಿ. ಒಬ್ಬನೇ ಕಲ್ಲೆಸೆಯುವನು, ತೊಂಬತ್ತೊಂಬತ್ತು ಮಂದಿ ಸುಮ್ಮನೆ ನೋಡುವರು. ಎರಡು ಗುಂಪುಗಳ ಸರಾಸರಿ ಮನೋಭಾವದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ನಡೆದ ಘಟನೆಯಲ್ಲಿ ಅಜಗಜಾಂತರ. ಜನರೆಲ್ಲ ಒಳಗೊಳಗೇ ಕುದಿಯುತ್ತಿದ್ದರು, ಆದ್ದರಿಂದ ದಂಗೆಯಾಯಿತು ಎಂದು ಬರೆಯುವ ಇತಿಹಾಸದ ಪಠ್ಯಪುಸ್ತಕಗಳನ್ನು ಓದುವಾಗ ನನಗೆ ಈ ಲೆಕ್ಕ ನೆನಪಾಗದೆ ಇರದು.

ದೂರ ಹೋಗಬೇಕಿಲ್ಲ. ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಆ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಕಾವ್ಯ ಬರೆದೆನೆಂದ ಪಂಪನ ಒಡೆಯ ಇಮ್ಮಡಿ ಅರಿಕೇಸರಿ, ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಸಾಮಂತ. ಚಕ್ರವರ್ತಿ ನಾಲ್ಕನೆಯ ಗೋವಿಂದನಿಗೆ ಬೇಕಾಗಿದ್ದ ಬಿಜ್ಜನೆಂಬವನು ಅವನ ಮರೆಹೊಕ್ಕನು. ಒಪ್ಪಿಸೆಂದು ಚಕ್ರವರ್ತಿಯ ಆಜ್ಞೆ. ಮರೆಹೊಕ್ಕವನನ್ನು ಬಿಟ್ಟುಕೊಡೆನೆಂದು ಅರಿಕೇಸರಿಯ ಹಟ. ಯುದ್ಧವಾಯಿತು. ಗೋವಿಂದನು ಪದಚ್ಯುತನಾದನು, ಬದ್ದೆಗನು ಪಟ್ಟವೇರಿದನು. ಇದು ಸುಮಾರು 935ರ ಮಾತು. 941ರಲ್ಲಿ ಪೂರ್ಣಗೊಂಡ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ಈ ಪ್ರಸಂಗವನ್ನು ಹೆಮ್ಮೆಯಿಂದ ಸ್ಮರಿಸಿದ್ದಾನೆ. ಅರಿಕೇಸರಿ ಒಬ್ಬನೇ ಚಕ್ರವರ್ತಿಗೆ ಸಮನಲ್ಲ. ಆದರೆ ಹೊಸ್ತಿಲು ದಾಟಿದವನೊಬ್ಬನು ಮುಂದೆ ನಿಂತಾಗ ಉಳಿದವರ ಲೆಕ್ಕಾಚಾರವೇ ಬದಲಾಗುತ್ತದೆ.

ವಿಚಿತ್ರವೆಂದರೆ, ಒಡೆಯನ ಮೇಲೆ ತಿರುಗಿಬಿದ್ದ ಸಾಮಂತನ ಆಸ್ಥಾನದ ಕವಿಯೇ ಒಡೆಯನನ್ನು ಬಿಡದ ಕರ್ಣನನ್ನು ಮನಸಾರೆ ಕೊಂಡಾಡಿದ್ದಾನೆ. ಕೃಷ್ಣನು ಸಿಂಹಾಸನವನ್ನೇ ಮುಂದೊಡ್ಡಿದರೂ ಕರ್ಣನು ಕದಲಲಿಲ್ಲ. ದ್ಯುತಿವಿದ್ಯುತ್ ಪರಿಣಾಮವನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಹೊಸದಾಗಿ ತೋರಬಾರದು. ಸತುವಿನ ಫಲಕದ ಮೇಲೆ ಕೆಂಪು ಬೆಳಕನ್ನು ಎಷ್ಟು ಪ್ರಖರವಾಗಿ ಬೀರಿದರೂ ಎಲೆಕ್ಟ್ರಾನ್ ಹೊರಬೀಳದು. ಮಂದವಾದ ನೇರಳಾತೀತ ಕಿರಣ ಸಾಕು, ಹೊರಬೀಳುವುದು. ಬೇಕಾದುದು ಬೆಳಕಿನ ರಾಶಿಯಲ್ಲ, ಅದರ ಜಾತಿ. ಐನ್‌ಸ್ಟೈನರು 1905ರಲ್ಲಿ ಇದಕ್ಕೆ ಕಾರಣ ಕೊಟ್ಟರು. ಹೊನ್ನಿನ ರಾಶಿಗೆ ಜಗ್ಗದ ಮನುಷ್ಯರನ್ನು ಕಂಡಾಗ ನನಗೆ ಸತುವಿನ ಫಲಕದ ನೆನಪಾಗುತ್ತದೆ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ನಿಜ.

ಆಟವು ನಿಜದಿಂದ ದೂರ ಸರಿಯುವ ಸ್ಥಳವೊಂದಿದೆ. ಅಲ್ಲಿ ಅರಸನು ಓಲೆಯನ್ನು ತಿರಸ್ಕರಿಸಿದೊಡನೆ ಕೂಟದವರೆಲ್ಲ ಒಂದೇ ದಿನ ಏಳುತ್ತಾರೆ. 1858ರಲ್ಲಿ ನಮ್ಮ ಮುಂಡರಗಿಯ ಭೀಮರಾಯ, ಹಮ್ಮಿಗೆಯ ಕೆಂಚನಗೌಡ, ನರಗುಂದದ ಬಾಬಾಸಾಹೇಬ ಇವರಿಗೆ ಆ ಸೌಕರ್ಯವಿರಲಿಲ್ಲ. ಒಟ್ಟಾಗಿ ಏಳಬೇಕೆಂಬ ಆಲೋಚನೆಯೇನೋ ಇತ್ತು. ಅಷ್ಟರಲ್ಲಿ ಹಮ್ಮಿಗೆಯಲ್ಲಿ ಕೂಡಿಸಿಟ್ಟಿದ್ದ ಆಯುಧಗಳ ಸುಳಿವು ಸರಕಾರಕ್ಕೆ ಹತ್ತಿತು. ಭೀಮರಾಯನು ಅವಧಿಗೆ ಮುಂಚೆಯೇ ಏಳಬೇಕಾಯಿತು. ದಂಬಳದ ಖಜಾನೆಯ ಮೇಲೆ ಬಿದ್ದು, ಬಂಡಾಯಗಾರರು ತಂತಿಯನ್ನೂ ಕಡಿದರು. ಏಕೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿ ಊಹಿಸಬಲ್ಲ. ಮುಂಡರಗಿಯಿಂದ ನರಗುಂದಕ್ಕೆ ಸುದ್ದಿ ಹೋಗುವುದು ಕುದುರೆಯ ವೇಗದಲ್ಲಿ. ಸರಕಾರದ ಸುದ್ದಿ ಹೋಗುವುದು ವಿದ್ಯುತ್ತಿನ ವೇಗದಲ್ಲಿ. ಒಬ್ಬನು ಎದ್ದುದು ಇನ್ನೊಬ್ಬನಿಗೆ ತಿಳಿದು ಅವನು ಹೊಸ್ತಿಲು ದಾಟುವುದರೊಳಗಾಗಿ ಸೈನ್ಯವು ಹೊರಟಿರುತ್ತಿತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬನ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಜೂನ್ ಮೊದಲಲ್ಲಿ ಭೀಮರಾಯನೂ ಕೆಂಚನಗೌಡನೂ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದರು. ಅದೇ ದಿನಗಳಲ್ಲಿ ನರಗುಂದವೂ ಬಿದ್ದಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹದಿನೈದು ದಿನಗಳಲ್ಲಿ ಎಲ್ಲವೂ ಮುಗಿದಿತ್ತು. ಸುದ್ದಿಯ ವೇಗವನ್ನೂ ಒಂದು ಅಂಕವಾಗಿ ಸೇರಿಸಿದರೆ ಈ ಆಟಗಳು ಎಷ್ಟೋ ಕಠಿನವಾದಾವು.

ನಮ್ಮ ವಿದ್ಯಾರ್ಥಿ ಮೂರು ವಾರಗಳ ಮೇಲೆ ಮತ್ತೆ ಸಿಕ್ಕಿದನು. ಎರಡನೆಯವನನ್ನು ಹುಡುಕಿ ಹಿಡಿದೆನೆಂದೂ, ಬೊಕ್ಕಸ ಉಳಿಯಿತೆಂದೂ ಹೇಳಿದನು. ಮುಖ ಮಾತ್ರ ಬಾಡಿತ್ತು. “ಅರಸ ತೀರಿಕೊಂಡ್ನ್ರೀ ಸರ್. ಮಗ ಪಟ್ಟಕ್ಕ ಬಂದ. ಎಲ್ಲಾರ ಅಂಕಾನೂ ಕೆಳಗ ಬಿದ್ದಾವು.” ಆಟದ ನಿಯಮವೇ ಅದು: ಹೊಸ ಅರಸನನ್ನು ಸಾಮಂತರು ಕೆಲವು ವರ್ಷ ನಂಬುವುದಿಲ್ಲ, ತಂದೆಗೆ ಕೊಟ್ಟ ಒಲವು ಮಗನಿಗೆ ಬಾರದು.

ಗದಗ ತಾಲ್ಲೂಕಿನ ಸೊರಟೂರಿನಲ್ಲಿ ಸೇವುಣರ ಭಿಲ್ಲಮನ ಸೈನ್ಯವನ್ನು ಮುರಿದು, 1192ರ ಹೊತ್ತಿಗೆ ಲಕ್ಕುಂಡಿಯಲ್ಲಿ ನೆಲೆಸಿದ್ದ ಹೊಯ್ಸಳ ವೀರಬಲ್ಲಾಳನು 1220ರಲ್ಲಿ ತೀರಿಕೊಂಡನು. ಅವನ ಅಂಗರಕ್ಷಕನಾಗಿದ್ದ ಕುವರಲಕ್ಷ್ಮನು ಅರಸನಿಲ್ಲದ ಮೇಲೆ ಬದುಕೆನೆಂದು ಹೆಂಡತಿ ಸುಗ್ಗಲದೇವಿಯೊಡನೆ, ತನ್ನ ಗರುಡರೊಡನೆ ಪ್ರಾಣವನ್ನೊಪ್ಪಿಸಿದನು. ವೇಳೆವಾಳಿಯ ಆ ಕಂಬವನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇಂದಿಗೂ ನೋಡಬಹುದು. ಪ್ರವಾಸಕ್ಕೆ ಹೋದಾಗ ಅದನ್ನು ನೋಡಿ ಬಾ ಎಂದೆ. ಹುಡುಗನು ಸ್ವಲ್ಪ ಯೋಚಿಸಿ, “ಅವಂದು ನೂರರ ಮ್ಯಾಲ ಎಷ್ಟು ಬರೀಬೇಕ್ರಿ?” ಎಂದು ಕೇಳಿದನು.