ತ್ರೀ ನಾಟ್ ತ್ರೀಯ ಮುನಿಸು

ಮಳೆ ಬಿಟ್ಟು ಹೆಚ್ಚು ದಿನವಾಗಿಲ್ಲ. ನಾಗರಿಕ ಬಂದೂಕು ತರಬೇತಿಯ ಮೈದಾನದಲ್ಲಿ ಕೆಮ್ಮಣ್ಣು ಇನ್ನೂ ಚಪ್ಪಲಿಗೆ ಅಂಟುತ್ತದೆ. ಟಾರ್ಪಾಲಿನ ಮೇಲೆ ಬೋರಲು ಮಲಗಿದವರಲ್ಲಿ ಶಿಕಾರಿಪುರದ ಮೆಕ್ಕೆಜೋಳದವರಿದ್ದಾರೆ, ಸೊರಬದ ಭತ್ತ-ಅಡಿಕೆಯವರಿದ್ದಾರೆ. ಹಂದಿ ಕಾಟಕ್ಕೆಂದು ಮನೆಯಲ್ಲಿ ಕೇಪಿನ ಕೋವಿಯೋ ಒಂಟಿನಳಿಗೆಯೋ ಇಟ್ಟುಕೊಂಡವರು. ಇವತ್ತು ಕೈಗೆ ಬಂದಿರುವುದು ಅವರ ಲೈಸೆನ್ಸಿಗೆ ದಕ್ಕದ ದಂಡಿನ ಬೋರಿನ ರೈಫಲ್, ತ್ರೀ ನಾಟ್ ತ್ರೀ. ಸುಮಾರು 4 ಕೆ.ಜಿ. ತೂಕ, 10 ತೋಟಾದ ಮ್ಯಾಗಜೀನು, ಮೂತಿಯವರೆಗೂ ಮರದ ಹೊದಿಕೆ. ಬೋಲ್ಟಿನ ಕೆಳಗೆ ಉಕ್ಕಿನ ಮೇಲೆ ಕಿರೀಟದ ಗುರುತು, ಅದರಡಿ ತಯಾರಾದ ಊರು ಮತ್ತು ವರ್ಷ: ಈಶಾಪುರ, 1942.

"ನಮ್ಮ ಈಸೂರಿನ ವರ್ಷ" ಎಂದರು ಶಿಕಾರಿಪುರದ ಯಜಮಾನರೊಬ್ಬರು. ಆ ವರ್ಷ ತಾನು ಸ್ವತಂತ್ರವೆಂದು ಸಾರಿಕೊಂಡ ಈಸೂರಿನ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದ್ದನ್ನು ಆ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ.

ಯಜಮಾನರು ಐದು ಗುಂಡು ಹಾರಿಸಿದರು. ಮೊದಲನೆಯದು ಕಪ್ಪು ವೃತ್ತದ ಅಂಚಿಗೆ ಬಿತ್ತು. ಉಳಿದವು ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತ ಎಡಕ್ಕೆ ಸರಿದವು.

"ಕಣ್ಣು ಮಂಜಾತು ಕಾಣ್ತದೆ."

"ಕಣ್ಣಲ್ಲ ಯಜಮಾನ್ರೇ" ಎಂದು ಬಂದೂಕು ರಿಪೇರಿಯ ಆರ್ಮೋರರ್ ಗುರಿಯ ಕಾಗದ ಎತ್ತಿ ಹಿಡಿದರು. "ಚೆಲ್ಲಾಪಿಲ್ಲಿ ಬಿದ್ದಿದ್ರೆ ಮೂತಿ ಸವೆದದೆ ಅಂತಿದ್ದೆ. ಇದು ನಳಿಗೆ ಬಿಸಿಯಾದಂಗೆಲ್ಲ ನಡೆದಿದೆ."

ಆದರೂ ಅವರು ಮೂತಿಯನ್ನು ನೋಡದೆ ಬಿಡಲಿಲ್ಲ. ಬಂದೂಕು ಖಾಲಿ ಮಾಡಿ, ಮದ್ದಿಲ್ಲದ ಡಮ್ಮಿ ತೋಟಾದ ತುದಿಯನ್ನು ಮೂತಿಗೆ ತೂರಿಸಿದರು. ಪೂರಾ ಇಳಿಯದೆ ನಡುವೆಯೇ ನಿಂತಿತು, ಅಂದರೆ ಮೂತಿ ಸವೆದಿಲ್ಲ. ನಳಿಗೆ ಒರೆಸಲು ಚಿಂದಿ ಕಟ್ಟಿದ ಪುಲ್ ಥ್ರೂ ಹಗ್ಗವನ್ನು ದಶಕಗಟ್ಟಲೆ ಓರೆಯಾಗಿ ಎಳೆದೆಳೆದೇ ಎಷ್ಟೋ ರೈಫಲ್ಲುಗಳ ಮೂತಿ ಹಾಳಾಗಿದೆ; ಗುಂಡಿಗಿಂತ ಚಿಂದಿಯೇ ಹೆಚ್ಚು ಸವೆಸಿದೆ ಎನ್ನಬಹುದು. ಬೋಲ್ಟು ತೆಗೆದು ಆಕಾಶಕ್ಕೆ ಹಿಡಿದರೆ ಎಡಕ್ಕೆ ಸುತ್ತಿದ ಐದು ಗೀರುಗಳು ಹೊಳೆದವು. ಹಳೇ ತೋಟಾಗಳ ಕ್ಯಾಪು ಬಿಟ್ಟುಹೋಗುವ ಉಪ್ಪು ತೇವ ಎಳೆದುಕೊಂಡು ತುಕ್ಕು ತರುತ್ತದೆ. ಅದನ್ನು ಎಣ್ಣೆ ತೊಳೆಯದು, ಕುದಿನೀರೇ ಹುಯ್ಯಬೇಕು. ಈ ನಳಿಗೆಗೆ ಯಾರೋ ಪುಣ್ಯಾತ್ಮರು ಹುಯ್ದಿದ್ದರು.

ಇನ್ನುಳಿದದ್ದು ಮರ. ಗುರಿ ತಪ್ಪಿದರೆ ಜನ ಉಕ್ಕನ್ನು ಬೈಯುತ್ತಾರೆ. ನನ್ನ ಅಂದಾಜಿನಲ್ಲಿ ಈ ತೇವದ ಸೀಮೆಯಲ್ಲಿ ಮೊದಲ ಅನುಮಾನ ಮರದ ಮೇಲೆಯೇ ಬೀಳಬೇಕು. ನಳಿಗೆಗೂ ಮರಕ್ಕೂ ನಡುವೆ ತೂರಿಸಿದ ಕಾಗದದ ಚೂರು ಒಂದು ಮಗ್ಗುಲಲ್ಲಿ ಸಿಕ್ಕಿಕೊಂಡಿತು. ಮುಂದಿನ ತಿರುಪು ಬೇರೆ ಸಡಿಲ. ಸರದಿಗೆ ಕಾಯುತ್ತಿದ್ದ ಸೊರಬದ ಗುಡಿಗಾರರೊಬ್ಬರು, ಗಂಧದ ಕೆತ್ತನೆಯವರು, ಬಾಗಿ ನೋಡಿದರು. "ನೀರು ಕುಡಿದು ಉಬ್ಬಿದೆ ಸಾರ್. ನಮ್ಮಲ್ಲಿ ಆಷಾಢದಾಗೆ ಬಾಗಿಲೇ ಹಾಕಾಕೆ ಬರಲ್ಲ. ಕೆರೆಯೋಕೆ ಮುಂಚೆ ಒಣಗ್ಲಿ. ಹಸಿಯಾಗಿ ಕೆರೆದ್ರೆ ಬ್ಯಾಸಿಗೇಲಿ ಲೊಡಲೊಡ ಅಂತದೆ."

ಆರ್ಮೋರರ್ ಒಪ್ಪಿದರು. ಕೆಲವು ದಿನ ನೆರಳಲ್ಲಿ ಆರಿದ ಮೇಲೆ ನಳಿಗೆಗೆ ದೀಪದ ಮಸಿ ಬಳಿದು ಮರಕ್ಕೆ ಕೂರಿಸಿ ತೆಗೆದರು. ಮಸಿ ಹತ್ತಿದ ಕಡೆಯಷ್ಟೇ ಹದವಾಗಿ ಕೆರೆತ, ಅದರ ಮೇಲೆ ಅಗಸೆ ಎಣ್ಣೆಯ ಲೇಪ. ಕೊನೆಗೆ ತಿರುಪು ಬಿಗಿ.

ಯಜಮಾನರು ಮತ್ತೆ ಮಲಗಿ ಐದು ಹಾರಿಸಿದರು. ಐದೂ ಅಂಗೈ ಅಗಲದಲ್ಲಿ ಗುಂಪುಗೂಡಿದವು, ಆದರೆ ಗುಂಪೇ ಎಡಕ್ಕೆ. ಮುಂದಿನ ಸೈಟನ್ನು ಎಡಕ್ಕೇ ಸರಿಸಬೇಕೆಂದರು ಆರ್ಮೋರರ್. "ಎಡಕ್ಕೆ ಹೋಗೋದನ್ನ ಇನ್ನೂ ಎಡಕ್ಕೆ ತಳ್ಳೋದಾ? ಬಲಕ್ಕೆ ಸರಿಸ್ರಿ!" ಎಂದು ಯಜಮಾನರು ಹಟ ಹಿಡಿದರು. ಊಟದ ಸೀಟಿಯಾದರೂ ಇಬ್ಬರೂ ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತ ವಾದಿಸುತ್ತಲೇ ಇದ್ದರು.